ಮುರಿದೊಲೆ ಗುಡ್ಡದ ತಿರುಗಿಸಿದ ಬಾಗಿಲು

ಮುಳ್ಳುಕೋಡಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ನಿಂತು ಪಡುವಣಕ್ಕೆ ಕಣ್ಣು ಹಾಯಿಸಿದರೆ, ಸಮುದ್ರದ ನಡುವೆ ಮರವಿಲ್ಲದ ಒಂದು ಗುಡ್ಡವೂ ಅದರ ನೆತ್ತಿಯ ಮೇಲೆ ಬಿಳಿಯ ದೀಪಸ್ತಂಭವೂ ಕಾಣುತ್ತವೆ. ಗುಡ್ಡದ ಹೆಸರು ಮುರಿದೊಲೆ. ಹವೆ ಚೆನ್ನಾಗಿರುವ ತಿಂಗಳುಗಳಲ್ಲಿ ಮೋಟಾರು ದೋಣಿಗಳು ಪ್ರವಾಸಿಗರನ್ನು ಕೂರಿಸಿಕೊಂಡು ಅಲ್ಲಿಗೆ ಹೋಗಿ ಬರುತ್ತವೆ. ದೋಣಿ ಇಳಿಯುವಲ್ಲಿಂದ ಬಂಡೆಯಲ್ಲಿ ಕಡಿದ ಹಳೆಯ ದಾರಿಯೊಂದು ನೆಟ್ಟಗೆ ನೆತ್ತಿಗೆ ಏರುತ್ತದೆ. ಸ್ತಂಭದ ಬುಡ ಕರಿಕಲ್ಲಿನದು, ಮೇಲಿನದೆಲ್ಲ ಚಿರೆಕಲ್ಲು. ಚಿಪ್ಪಿ ಸುಟ್ಟು ಮಾಡಿದ ಸುಣ್ಣದ ಗಾರೆ ಇಂದಿಗೂ ಉಗುರಿಗೆ ಏಳುವುದಿಲ್ಲ. ಒಳಗೆ ಶಂಖದ ಹೊಟ್ಟೆಯ ಹಾಗೆ ಸುತ್ತಿಕೊಂಡು ಏರುವ ಮೆಟ್ಟಿಲು, ತುದಿಯಲ್ಲಿ ಕಬ್ಬಿಣದ ಕಟಕಟೆ, ಅದರೊಳಗೆ ಗಾಜಿನ ಕೋಣೆ, ಕೋಣೆಯ ನಡುವೆ ಪಟ್ಟಿಪಟ್ಟಿಯಾಗಿ ಕೊರೆದ ದಪ್ಪ ಗಾಜಿನ ಗುಮ್ಮಟ. ಕಟ್ಟಿದವರ ಕೈಕೆಲಸಕ್ಕೆ ಕುಂದು ಹೇಳುವಂತಿಲ್ಲ. ಕುಂದು ಇರುವುದು ಬೇರೆ ಕಡೆ, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಸ್ತಂಭಕ್ಕೆ ಬಾಗಿಲು ಇರುವುದು ಸಮುದ್ರದ ಕಡೆಗೆ. ಇದು ಎಂಥ ವಿಚಿತ್ರ ಎಂಬುದು ದೋಣಿಯಿಂದ ಇಳಿದು ಫೋಟೋ ತೆಗೆದು ಹೋಗುವವರಿಗೆ ತಿಳಿಯುವುದಿಲ್ಲ. ಓದಿದ್ದು ಕಡಿಮೆ, ತಿರುಗಿದ್ದೇ ಹೆಚ್ಚಾದ ನಾನು ಈ ಕರಾವಳಿಯ ಉದ್ದಕ್ಕೂ ದೀಪಸ್ತಂಭಗಳಿಗೆ ಸುಣ್ಣಬಣ್ಣ ಬಳಿಯುವ ತಂಡದೊಂದಿಗೆ ಅಲೆದಿದ್ದೇನೆ. ಎಲ್ಲ ಕಡೆಯೂ ಬಾಗಿಲು ಗಾಳಿಗೆ ಮರೆಯಾಗಿ, ನೆಲದ ಕಡೆಗೇ ಇರುತ್ತದೆ. ಮಳೆಗಾಲದ ಪಡುವಣ ಗಾಳಿ ಆನೆಯ ಹಾಗೆ ಬಂದು ಗುದ್ದುವ ಬದಿಗೆ ಬಾಗಿಲಿಡುವ ಮೇಸ್ತ್ರಿ ಭೂಮಿಯ ಮೇಲಿಲ್ಲ. ಇಲ್ಲಿ ಇಟ್ಟಿದ್ದಾರೆ. ದೀಪ ಕಾಯುವವರು ಆಷಾಢದಲ್ಲಿ ಆ ಬಾಗಿಲನ್ನು ತೆರೆಯಲಾರದೆ, ತೆರೆದರೆ ಮುಚ್ಚಲಾರದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಹೊರಗೆ ಓಡಾಡುತ್ತಿದ್ದರಂತೆ. ಕೇಳಿದರೆ ಗೈಡುಗಳು, “ಸೂರ್ಯಾಸ್ತ ನೋಡೋಕೆ ಅಂತ ಆ ಕಡೆ ಇಟ್ಟಿದ್ದು ಸಾರ್” ಎನ್ನುತ್ತಾರೆ. ಸೂರ್ಯಾಸ್ತ ನೋಡುವುದಕ್ಕಂತೆ!

ನೆಲದ ಕಡೆಗೆ, ಅಂದರೆ ಊರಿನ ಕಡೆಗೆ, ಒಂದು ಬಾಗಿಲು ಇತ್ತು. ಹಳೆಯ ದಾರಿ ನೆಟ್ಟಗೆ ಹೋಗಿ ನಿಲ್ಲುವುದು ಅದರ ಎದುರಿಗೇ. ಈಗ ಅದನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಬಾಗಿಲ ಕಮಾನು, ಕಮಾನಿನೊಳಗೆ ಒಂದು ಮೊಳ ಆಳದ ಗೂಡು ಉಳಿದಿದೆ. ಗೂಡಿನ ಒಳಮೈ ಮಸಿಯಿಂದ ಕಪ್ಪಾಗಿದೆ. ಅದರ ಬುಡದಲ್ಲಿ ಮೂರು ಒಡೆದ ಬಂಡೆಗಳು ಬಿದ್ದಿವೆ. ಪಕ್ಕದಲ್ಲಿ ನಿಲ್ಲಿಸಿದ ಹಲಗೆಯ ಮೇಲೆ ಈ ಗುಡ್ಡದ ಹೆಸರಿನ ಕಥೆ ಬರೆದಿದೆ: ವನವಾಸದ ಕಾಲದಲ್ಲಿ ಪಾಂಡವರು ಇಲ್ಲಿ ಅಡುಗೆ ಮಾಡಿದರು, ಹೊರಡುವಾಗ ಭೀಮಸೇನ ಒಲೆಯನ್ನು ಒದ್ದು ಮುರಿದನು, ಆದಕಾರಣ ಮುರಿದೊಲೆ. ಈ ನಾಡಿನಲ್ಲಿ ಎಲ್ಲಿ ಕಲ್ಲು ಕಂಡರೂ ಪಾಂಡವರು ಅಡುಗೆ ಮಾಡಿದ್ದಾರೆ. ಪಾಪ, ಅವರಿಗೆ ಬೇರೆ ಕೆಲಸವೇ ಇರಲಿಲ್ಲವೆ? ನಡುಸಮುದ್ರದ ಗುಡ್ಡಕ್ಕೆ ಅಕ್ಕಿ ಬೇಳೆ ಹೊತ್ತು ಈಜಿಕೊಂಡು ಬಂದು ಬೇಯಿಸಿ ಉಂಡು ಹೋದರೆ? ಹಲಗೆ ಬರೆಸಿದ ಇಲಾಖೆಯವರು ಯಾರೂ ಮುಳ್ಳುಕೋಡಿಯ ಕೇರಿಗೆ ಹೋಗಿ ಒಂದು ಮಾತು ಕೇಳಿಲ್ಲ. ಕೇಳಿದ್ದರೆ ಹಲಗೆಯ ಮೇಲೆ ಭೀಮಸೇನನ ಹೆಸರಿನ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು ಇರುತ್ತಿತ್ತು.

ನಾನು ಕೇಳಿದ್ದು ಶನಿಯಾರ ತಾಂಡೇಲರನ್ನು. ತಾಂಡೇಲ ಎಂದರೆ ದೋಣಿಯ ಯಜಮಾನ. ಈಗ ದೋಣಿ ಬಿಟ್ಟಿದ್ದಾರೆ, ಗತ್ತು ಬಿಟ್ಟಿಲ್ಲ. ಬಲೆ ಹರಡಿದ ಅಂಗಳದಲ್ಲಿ ಕೂತು, ಪಾಂಡವರ ಕಥೆಯನ್ನು ನನ್ನ ಬಾಯಿಂದ ಪೂರ್ತಿ ಕೇಳಿಸಿಕೊಂಡು, “ಭೀಮ ಒದ್ದ ಅಂತ ಬರ್ದಾರಾ? ಒದ್ದವ್ರ ಹೆಸ್ರು ಬರ್ದಿದ್ರೆ ಅವ್ರ ಹಲಗೆ ಸಾಲ್ತಿರ್ಲಿಲ್ಲ ತಮಾ” ಎಂದು ನಕ್ಕರು. ಆಮೇಲೆ ನಗಲಿಲ್ಲ. ಅವರು ಹೇಳಿದ್ದನ್ನು, ಆ ಕೇರಿಯ ಹೆಂಗಸರು ನಡುವೆ ಬಾಯಿ ಹಾಕಿ ತಿದ್ದಿದ್ದನ್ನು ಸೇರಿಸಿ ಇಲ್ಲಿ ಇಡುತ್ತಿದ್ದೇನೆ.

ಹಿಂದೆ ಒಮ್ಮೆ, ದೀಪಸ್ತಂಭದ ಹೆಸರೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಆ ಗುಡ್ಡಕ್ಕೆ ಒಲೆಗುಡ್ಡ ಎಂಬ ಹೆಸರಿತ್ತು ಎನ್ನುತ್ತಾರೆ. ನೆತ್ತಿಯ ಮೇಲೆ ಆಳೆತ್ತರದ ಮೂರು ಬಂಡೆಗಳನ್ನು ಒಲೆಗುಂಡಿನ ಹಾಗೆ ನಿಲ್ಲಿಸಿ ಮಾಡಿದ ದೊಡ್ಡ ಒಲೆ ಅಲ್ಲಿತ್ತು. ಒಂದು ಬಂಡೆ ಸಮುದ್ರಕ್ಕೆ ಬೆನ್ನಾಗಿ, ಎರಡು ಬಂಡೆಗಳು ಅತ್ತಿತ್ತ. ಒಲೆಯ ಬಾಯಿ ಊರಿನ ಅಳಿವೆಗೆ ನೆಟ್ಟಗೆ ಮುಖ ಮಾಡಿತ್ತು. ಬಾಯಿ ಬಹಳ ಕಿರಿದು. ಅದು ಬೇಕೆಂದೇ ಮಾಡಿದ ಕಿರಿದು. ಯಾಕೆಂದರೆ ಗುಡ್ಡಕ್ಕೂ ಅಳಿವೆಗೂ ನಡುವೆ ನೀರಿನಡಿಯಲ್ಲಿ ಹಲ್ಲುಸಾಲು ಎಂಬ ಬಂಡೆಗಳ ಸಾಲಿದೆ. ದೋಣಿ ದಾಟುವಷ್ಟು ಸಂದು ಅದರಲ್ಲಿ ಇರುವುದು ಒಂದೇ ಕಡೆ. ಹುಟ್ಟು ಹಾಕುವವರು ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿರುತ್ತಾರಷ್ಟೆ? ಹೊರ ಸಮುದ್ರದಿಂದ ಬಂದ ದೋಣಿ ಗುಡ್ಡವನ್ನು ಬಳಸಿ ಒಳಕ್ಕೆ ತಿರುಗಿದ ಮೇಲೆ, ಅವರ ಕಣ್ಣಿಗೆ ಒಲೆಯ ಬೆಂಕಿ ಬಂಡೆಗಳ ನಡುವೆ ಕಂಡರೆ ದೋಣಿ ಸಂದಿನ ನೇರದಲ್ಲಿದೆ ಎಂದು ಅರ್ಥ. ಬಂಡೆ ಅಡ್ಡ ಬಂದು ಬೆಂಕಿ ಮರೆಯಾಯಿತೋ, ದಾರಿ ತಪ್ಪಿತು. “ಒಲೆ ಕಂಡ್ತಾ?” ಎಂದು ಚುಕ್ಕಾಣಿಯವನು ಕೂಗುವುದು, “ಕಂಡ್ತು” ಎಂದು ಹುಟ್ಟಿನವರು ಹೇಳುವುದು, ಇಷ್ಟೇ ಅವರ ವಿದ್ಯೆ. ಈ ವಿದ್ಯೆಯಿಂದ ಎಷ್ಟೋ ತಲೆಮಾರಿನ ಗಂಡಸರು ಮುಸ್ಸಂಜೆ ಕಳೆದ ಮೇಲೂ ಮನೆಗೆ ಬಂದು ಉಂಡರು.

ಆ ಒಲೆ ಕಾಯುವ ಕೆಲಸ ಒಂದು ಮನೆತನದ ಹೆಂಗಸರದು. ಕಥೆಯ ಕಾಲಕ್ಕೆ ಅದು ಜಟ್ಟಕ್ಕ ಎಂಬವಳಿಗೆ ಬಂದಿತ್ತು. ಗಂಡ ಇರಲಿಲ್ಲ, ಮಾಸ್ತಿ ಎಂಬ ಒಬ್ಬನೇ ಮಗ, ಆಗಲೇ ದೋಣಿಯ ಚುಕ್ಕಾಣಿಗೆ ಕೂರುವ ವಯಸ್ಸಿನವನು. ಪ್ರತಿ ದೋಣಿಯವರೂ ಹೊರಡುವಾಗ ಗುಡ್ಡದ ಬಳಿ ತಡೆದು ಒಂದು ಹೊರೆ ಒಣಗಿದ ತೆಂಗಿನ ಮಡಲೋ ಕಟ್ಟಿಗೆಯೋ ಎಸೆದು ಹೋಗಬೇಕು. ಎಸೆಯದವನನ್ನು ಜಟ್ಟಕ್ಕ ಮೇಲಿಂದಲೇ ಹೆಸರು ಹಿಡಿದು ಬೈಯುತ್ತಿದ್ದಳಂತೆ. “ಏ ಬೊಮ್ಮಯ್ಯಾ, ಇವತ್ ನಿನ್ನ ದೋಣಿಗೆ ನಿನ್ನ ಹೆಂಡ್ತಿ ಮೂಗ್ನತ್ತೇ ದೀಪ ಅನ್ಕಂಡ್ಯಾ?” ಎಂದು ಅವಳು ಕೂಗಿದರೆ ಗಾಳಿ ಅದನ್ನು ಕೇರಿಯ ತನಕ ಮುಟ್ಟಿಸುತ್ತಿತ್ತು ಎಂದು ಇಂದಿಗೂ ಹೇಳಿ ನಗುತ್ತಾರೆ.

ಆಗ ಕಂಪನಿಯ ಕಾಲ ಮುಗಿದು ರಾಣಿಯ ಕಾಲ ಬಂದಿತ್ತು. ಹತ್ತಿ ತುಂಬಿಕೊಂಡು ಹೋಗುವ ದೊಡ್ಡ ಹಡಗೊಂದು ಗುಡ್ಡದ ಪಡುವಣ ಮಗ್ಗುಲಿಗೆ ಬಡಿದು ಒಡೆಯಿತು. ಬಡವರ ದೋಣಿ ಒಡೆದರೆ ಸಮುದ್ರದ ತಪ್ಪು, ದೊರೆಗಳ ಹಡಗು ಒಡೆದರೆ ಗುಡ್ಡದ ತಪ್ಪು ತಾನೆ? ಇಲ್ಲೊಂದು ದೀಪಸ್ತಂಭ ಆಗಲೇಬೇಕು ಎಂದು ತೀರ್ಮಾನವಾಯಿತು. ಪುಣೆಯ ಕಡೆಯಿಂದ ಸಖಾರಾಮ ಪಂತ ಎಂಬ ಓವರ್ಸಿಯರು ಬಂದ. ದೋಣಿಯಲ್ಲಿ ವಾಂತಿ ಮಾಡಿಕೊಂಡು ಬಂದನಂತೆ. ಆದರೆ ನೆತ್ತಿ ಏರಿದ ಕೂಡಲೇ ಗಟ್ಟಿಯಾಗಿ, “ಈ ಒಲೆ ಇರುವ ಜಾಗವೇ ಬೇಕು” ಎಂದ. ಮುಳ್ಳುಕೋಡಿಯ ಬುದವಂತ, ಎಂದರೆ ಕೇರಿಯ ಹಿರಿಯ, ತಿಮ್ಮಣ್ಣ ಹೊಸ ರುಮಾಲು ಸುತ್ತಿಕೊಂಡು ಅವನ ಜೊತೆ ಬಂದಿದ್ದ. ಜಟ್ಟಕ್ಕನ ಗಂಡನ ಅಣ್ಣ ಅವನು.

“ಜಟ್ಟೀ, ಸರ್ಕಾರದವ್ರು ದೊಡ್ಡ ದೀಪ ಹಾಕ್ತಾರಂತೆ. ನಮ್ ಒಲೆಗಿಂತ ನೂರು ಪಾಲು ದೊಡ್ದು.”

“ರುಮಾಲು ಕಂಡೇ ತಿಳೀತು ಭಾವಾ, ನೀವು ಆಗ್ಲೇ ಒಪ್ಕಂಡಾಗಿದೆ ಅಂತ,” ಎಂದಳು ಜಟ್ಟಕ್ಕ. ಆಮೇಲೆ ಪಂತನ ಕಡೆ ತಿರುಗಿ, ಅಳಿವೆಯ ಕಡೆಯ ನೀರಿಗೆ ಬೆರಳು ತೋರಿಸಿ, “ನಿಮ್ ದೀಪ ದೋಣಿಯವ್ರಿಗೆ ಕಾಣ್ತದ್ಯಾ ಒಡೆಯಾ?” ಎಂದು ಕೇಳಿದಳು.

“ಹದಿನಾರು ಮೈಲಿ ಕಾಣುತ್ತದೆ ಬಾಯಿ! ದೋಣಿಯವರಿಗೆ ಕಾಣುವುದಿಲ್ಲವೆ?” ಎಂದ ಪಂತ, ತನ್ನ ಕಡೆಯವರು ಹೆಂಗಸರನ್ನು ಬಾಯಿ ಎಂದು ಕರೆಯುವ ಹಾಗೆ.

ಈ ಉತ್ತರವನ್ನು ಮುಳ್ಳುಕೋಡಿಯವರು ಮರೆತಿಲ್ಲ, ನಾನೂ ಮರೆಯಬಾರದೆಂದು ಎರಡೆರಡು ಸಲ ಹೇಳಿಸಿಕೊಂಡೆ. ಎಷ್ಟು ದೂರ ಕಾಣುತ್ತದೆ ಎಂದು ಹೇಳಿದ. ಯಾವ ದಿಕ್ಕಿಗೆ ಎಂದು ಹೇಳಲಿಲ್ಲ. ಅವನ ಕಂಕುಳಲ್ಲಿ ನಕ್ಷೆ ಇತ್ತು. ನಕ್ಷೆಯಲ್ಲಿ ದಿಕ್ಕೂ ಇತ್ತು. ಅವನು ಸುಳ್ಳು ಹೇಳಲಿಲ್ಲ ಎಂದು ಅವನ ಪರವಾಗಿ ವಾದಿಸುವವರು ಇದ್ದಾರು. ಅಂಥವರಿಗೆ ನನ್ನ ಮಾತು ಇಷ್ಟೆ: ಕೇಳಿದವಳು ಎಲ್ಲಿ ನಿಂತು ಕೇಳುತ್ತಿದ್ದಾಳೆ, ಅವಳ ಬೆರಳು ಯಾವ ನೀರನ್ನು ತೋರಿಸುತ್ತಿದೆ ಎಂದು ಅವನ ಕಣ್ಣಿಗೆ ಕಾಣುತ್ತಿತ್ತು.

ಆಮೇಲಿನದು ಕೇಳಿದರೆ ಹೊಟ್ಟೆ ಉರಿಯುತ್ತದೆ. ದೀಪ ನಮ್ಮದೂ ಹೌದು ಎಂದುಕೊಂಡ ಮುಳ್ಳುಕೋಡಿಯವರು ಕೂಲಿ ಕೇಳದೆ ದುಡಿದರು. ಅಳಿವೆಯ ಒಳಗಿನ ಗಣಿಯಿಂದ ಚಿರೆಕಲ್ಲನ್ನು ಮೀನು ತುಂಬುವ ದೋಣಿಗಳಲ್ಲೇ ತಂದರು. “ಈ ಬಂಗಡೆಗೆ ಮುಳ್ಳಿಲ್ಲ ಮಾರಾಯ, ಆದ್ರೆ ಬೇಯೂದಿಲ್ಲ” ಎಂದು ಕಲ್ಲು ಇಳಿಸುವಾಗ ತಮಾಷೆ ಮಾಡಿಕೊಂಡರು. ಹೆಂಗಸರು ಬುಟ್ಟಿಬುಟ್ಟಿ ಚಿಪ್ಪಿ ಆರಿಸಿ ತಂದು ಸುಟ್ಟು ಸುಣ್ಣ ಮಾಡಿದರು. ಮಾಸ್ತಿ ಸಾರವೆಗೆ ಕಟ್ಟುವ ಅಡಿಕೆ ಮರಗಳನ್ನು ಹೊರುತ್ತ, ಮೇಸ್ತ್ರಿಗಳ ಜೊತೆ ಮಾಪು ಹಿಡಿಯುತ್ತ, ಮೀನಿಗೆ ಹೋಗದ ದಿನವೆಲ್ಲ ಅಲ್ಲೇ ಇರುತ್ತಿದ್ದ. “ಅಬ್ಬೇ, ಇನ್ಮೇಲೆ ನೀ ಮಡಲು ಎಳೀಬೇಕಂತಿಲ್ಲ, ಎಣ್ಣೆ ದೀಪ. ಕೂತು ಎಲೆ ಹಾಕ್ಕೊ” ಎನ್ನುತ್ತಿದ್ದನಂತೆ. ಬಾಗಿಲನ್ನು ಮೇಸ್ತ್ರಿಗಳು ಸರಿಯಾಗಿಯೇ, ಗಾಳಿಗೆ ಮರೆಯಾಗಿ, ಹಳೆಯ ದಾರಿಗೆ ಎದುರಾಗಿ ಇಟ್ಟರು. ಒಲೆಯ ಬಾಯಿ ಯಾವ ನೇರದಲ್ಲಿತ್ತೋ ಬಾಗಿಲೂ ಅದೇ ನೇರದಲ್ಲಿ ಬಂತು. ಅದು ಯಾರೂ ಯೋಚಿಸಿ ಮಾಡಿದ್ದಲ್ಲ. ದಾರಿ ಇದ್ದ ಕಡೆ ಬಾಗಿಲು ಬಂತು, ಅಷ್ಟೆ. ಒಲೆ ಮಾತ್ರ, ಮೂರು ಬಂಡೆಗಳನ್ನು ಅದೇ ನೇರದಲ್ಲಿ ಸ್ತಂಭದ ಬುಡಕ್ಕೆ ಸ್ವಲ್ಪ ಕೆಳಗೆ ಸರಿಸಿ ನಿಲ್ಲಿಸಿದಲ್ಲಿ, ಕೊನೆಯ ದಿನದವರೆಗೂ ಉರಿಯುತ್ತಿತ್ತು.

ಇಲ್ಲಿ ಆ ಜನರ ಒಂದು ಪದ್ಧತಿ ಹೇಳಬೇಕು. ಅದು ತಿಳಿಯದಿದ್ದರೆ ಈ ಕಥೆಯೇ ತಿಳಿಯುವುದಿಲ್ಲ. ಅವರು ಹಳೆಯ ಮನೆ ಬಿಟ್ಟು ಹೊಸ ಮನೆಗೆ ಹೋಗುವಾಗ, ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು, ಮನೆಯ ಹಿರಿಯ ಹೆಂಗಸು ಒಲೆಗುಂಡುಗಳನ್ನು ತಾನೇ ಒಡೆದು ಹೊರಡುತ್ತಾಳೆ. ಕೆಂಡವನ್ನು ಹೊಸ ಒಲೆಗೆ ಹಾಕಿದಲ್ಲಿಗೆ ಮನೆ ಬದಲಾದಂತೆ. ಮುರಿದ ಒಲೆಯಲ್ಲಿ ಮತ್ತೆ ಯಾರೂ ಬೆಂಕಿ ಹಾಕುವಂತಿಲ್ಲ. ಹಾಕಿದರೆ ಒಲೆಯನ್ನು ನಂಬಿದವರು ಮನೆಗೆ ಬರುವುದಿಲ್ಲ ಎಂದು ಅವರ ನಂಬಿಕೆ. ದೀಪಸ್ತಂಭವನ್ನು ಅವರು ಒಲೆಯ ಹೊಸ ಮನೆ ಎಂದೇ ತಿಳಿದರು. ಸರ್ಕಾರದ ಕಟ್ಟಡವನ್ನು ತಮ್ಮ ಮನೆ ಎಂದುಕೊಂಡದ್ದು, ಅದೊಂದೇ ಆ ಜನ ಮಾಡಿದ ತಪ್ಪು.

ದೀಪ ಹಚ್ಚುವ ದಿನ ದೊರೆಗಳು, ಅವರ ಹೆಂಡಂದಿರು, ಬಾಜಾಬಜಂತ್ರಿ ಎಲ್ಲ ಗುಡ್ಡಕ್ಕೆ ಬಂದರು. ಅಂದು ಬಂಗಡೆಯ ಹಿಂಡು ಬಿದ್ದಿದೆ ಎಂದು ತಿಳಿದು ಮೂರು ದೋಣಿಗಳು ಹೊರ ಸಮುದ್ರಕ್ಕೆ ಹೋಗಿದ್ದವು. ಮುಂದಿನದರ ಚುಕ್ಕಾಣಿಯಲ್ಲಿ ಮಾಸ್ತಿ. “ಇವತ್ ಹೊಸ ದೀಪದಲ್ಲಿ ಮೊದ್ಲು ಒಳಗೆ ಬರೂದು ನಾನೇ” ಎಂದು ಹೇಳಿಯೇ ಹೋಗಿದ್ದ. ಇಳಿಹೊತ್ತಿನಲ್ಲಿ ಜಟ್ಟಕ್ಕ ಕೆಂಡವನ್ನು ಮಡಕೆಗೆ ತುಂಬಿ, ಕೊಡಲಿಯ ಹಿಂಬದಿಯಿಂದ ಬಂಡೆಗಳ ತಲೆ ಒಡೆದಳು. ಒಬ್ಬಳ ಕೈಗೆ ಆಗುವ ಕೆಲಸವಲ್ಲ. ಕಾದ ಬಂಡೆಯ ಮೇಲೆ ನೀರು ಸುರಿದಾಗ ಸೀಳು ಬಿಟ್ಟವಂತೆ, ಆ ಸೀಳಿಗೆ ಅವಳು ಹೊಡೆದಳು, ಉಳಿದ ಹೆಂಗಸರು ಸನ್ನೆಗೋಲು ಹಾಕಿ ಉರುಳಿಸಿದರು. ಅದಾದ ಮೇಲೆ ತಲೆಯ ಮೇಲೆ ಮಡಕೆ ಹೊತ್ತು ಬಾಗಿಲಿಗೆ ಬಂದಳು. ಪಂತ ಹೊಸ್ತಿಲಲ್ಲೇ ಅಡ್ಡ ನಿಂತ. ಒಳಗೆ ಎಣ್ಣೆಯ ಪೀಪಾಯಿಗಳಿವೆ, ಬೆಂಕಿ ತರಬಾರದು, ದೀಪವನ್ನು ದೊರೆಗಳೇ ಕಡ್ಡಿ ಗೀರಿ ಹಚ್ಚುತ್ತಾರೆ, ಮಡಕೆಯನ್ನು ಅಲ್ಲೇ ಇಟ್ಟು ಕೂತಿರು ಎಂದ. ಅವಳು ಕೂತಳು. ಹೊಸ ಮನೆಯ ಹೊಸ್ತಿಲಲ್ಲಿ, ಮಡಿಲ ಮುಂದೆ ಕೆಂಡ ಇಟ್ಟುಕೊಂಡು, ಒಳಗೆ ಕರೆಯುವುದನ್ನು ಕಾಯುತ್ತ ಕೂತಳು.

ಹೊತ್ತು ಮುಳುಗಿತು. ಮೇಲೆ ಚಪ್ಪಾಳೆ ಕೇಳಿತು. ಪಡುವಣ ಸಮುದ್ರ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಮೂಡಣದ ನೀರು ಕತ್ತಲಾಗಿಯೇ ಇತ್ತು. ಅಳಿವೆಯ ದಂಡೆಯಲ್ಲಿ ನಿಂತ ಜನ ಇನ್ನೂ ಹಚ್ಚಿಲ್ಲವೆಂದೇ ತಿಳಿದು ನಗುತ್ತಿದ್ದರಂತೆ, “ದೊರೆ ಕಡ್ಡಿ ಗೀರೂಕೂ ಜನ ಬೇಕೇನ” ಎಂದು. ಜಟ್ಟಕ್ಕ ಕತ್ತೆತ್ತಿ ನೋಡಿದಳು. ತುದಿಯ ಕೋಣೆಗೆ ಊರಿನ ಕಡೆ ಗಾಜೇ ಇರಲಿಲ್ಲ. ಸಾರವೆ ಬಿಚ್ಚಿದ ಮೇಲೆ ಕೊನೆಯಲ್ಲಿ ಬೇರೆ ಕಡೆಯ ಕೆಲಸದವರು ಬಂದು ಕೂರಿಸಿದ್ದ ಕಬ್ಬಿಣದ ತಗಡು ಅಲ್ಲಿತ್ತು. ಅಷ್ಟೇ ಅಲ್ಲ, ಇದನ್ನು ನಾನು ಆ ಕೋಣೆಗೆ ಹೋಗಿ ಕಣ್ಣಾರೆ ನೋಡಿ ಬಂದು ಬರೆಯುತ್ತಿದ್ದೇನೆ. ಆ ತಗಡಿನ ಒಳಮೈಗೆ ಕನ್ನಡಿಯ ಪಟ್ಟಿಗಳನ್ನು ಜೋಡಿಸಿದ್ದಾರೆ. ಊರಿನ ಕಡೆ ಬೀಳಬೇಕಾದ ಬೆಳಕು ಆ ಕನ್ನಡಿಗೆ ಬಡಿದು ತಿರುಗಿ ಸಮುದ್ರದ ಕಡೆಗೇ ಹೋಗುತ್ತದೆ. ಕೊಡದೆ ಇದ್ದರೆ ಒಂದು ಮಾತು. ನಮ್ಮ ಪಾಲನ್ನೂ ತೆಗೆದು ಅವರಿಗೇ ಬಡಿಸಿದ್ದಾರೆ!

ಅವಳು ಕಿರುಚಿಕೊಂಡದ್ದು ಕೇಳಿ ಪಂತ ಇಳಿದು ಬಂದ.

“ಒಡೆಯಾ, ಈ ಬದಿಗೆ ಎಂತಕೆ ಹಚ್ಲಿಲ್ಲ?”

“ಇರುವುದು ಒಂದೇ ದೀಪ ಬಾಯಿ. ಆ ಬದಿಗೆ ಕಾಣುತ್ತದೆ.”

“ಈ ಬದಿಗೆ?”

“ಈ ಬದಿಗೆ ಏನಿದೆ? ಹಡಗು ಬರುವುದು ಆ ಬದಿಗೆ.”

“ಈ ಬದಿಗೆ ನಾವಿದ್ದೇವಲ್ಲ!”

ಪಂತ ಮೇಲಿನ ಕಟಕಟೆಯ ಕಡೆ ನೋಡಿದ. ದೊರೆಗಳು ಇಳಿದು ಹೋಗಲಿ, ನಾಳೆ ಮಾತಾಡೋಣ ಎಂದ. ನಾಳೆ! ಆ ಹೊತ್ತಿಗೆ ಮಾಸ್ತಿಯ ದೋಣಿ ಗುಡ್ಡವನ್ನು ಬಳಸಿ ಒಳಕ್ಕೆ ತಿರುಗಿತ್ತು. ಹೊರಗಿದ್ದಾಗ ಕಣ್ಣು ಕುಕ್ಕುವ ಬೆಳಕು. ತಿರುಗಿದ ಕೂಡಲೇ ಗವಿಯೊಳಗೆ ಹೊಕ್ಕ ಹಾಗೆ ಕತ್ತಲು. ಅಷ್ಟು ಬೆಳಕು ನೋಡಿದ ಕಣ್ಣಿಗೆ ನಕ್ಷತ್ರವೂ ಕಾಣುವುದಿಲ್ಲ. “ಒಲೆ ಕಂಡ್ತಾ?” ಎಂದು ಮಾಸ್ತಿ ಕೂಗಿದ್ದು ಹೊಸ್ತಿಲಲ್ಲಿದ್ದ ತಾಯಿಯ ಕಿವಿಗೆ ಬಿತ್ತು. ಹುಟ್ಟಿನವರಿಂದ ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಇಲ್ಲೇ ಎಲ್ಲೋ ಇರಬೇಕು, ಹೊಸ ದೀಪವಲ್ಲವೆ, ಸ್ವಲ್ಪ ಮುಂದೆ ಹೋದರೆ ಕಂಡೀತು ಎಂದುಕೊಂಡು ಅವರು ಹುಟ್ಟು ನಿಲ್ಲಿಸಲಿಲ್ಲ ಎನ್ನುತ್ತಾರೆ. ಸರ್ಕಾರದ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಹಲ್ಲುಸಾಲಿನ ಮೇಲೆ ಮರ ಸೀಳಿದ ಸದ್ದು ಬಂತು.

ಇನ್ನೂ ಎರಡು ದೋಣಿ ಬರಬೇಕಿತ್ತು. ಮುರಿದ ಒಲೆಗೆ ಬೆಂಕಿ ಹಾಕುವಂತಿಲ್ಲ; ಮುರಿದವಳು ತಾನೇ. ಅದನ್ನು ಮತ್ತೆ ಜೋಡಿಸುವ ಹೊತ್ತೂ ಅಲ್ಲ. ಆದರೆ ಮಡಕೆಯ ಕೆಂಡ ಇನ್ನೂ ಜೀವ ಹಿಡಿದಿತ್ತು, ಹೊಸ ಮನೆಯ ಹೊಸ್ತಿಲಲ್ಲೇ ಇತ್ತು. ಜಟ್ಟಕ್ಕ ಪಂತನನ್ನು ಒಂದೇ ನೂಕಿಗೆ ಹೊರಗೆ ದಬ್ಬಿ, ಮಡಕೆಯನ್ನು ಬಾಗಿಲೊಳಗೆ ಕುಕ್ಕಿ ಒಡೆದಳು. ಬಿಚ್ಚಿ ಒಟ್ಟಿದ್ದ ಸಾರವೆಯ ಅಡಿಕೆ ದಬ್ಬೆ, ಹುರಿಹಗ್ಗ, ಮಡಲು, ಕೈಗೆ ಸಿಕ್ಕಿದ್ದನ್ನೆಲ್ಲ ಹೆಂಗಸರು ತಂದು ತಂದು ತುಂಬಿದರು. ಅವಳ ಮಗ ಹೊತ್ತು ತಂದ ಮರಗಳೇ ಅವು. ಬೆಂಕಿ ಏಳುವ ಮೊದಲೇ ಮೇಸ್ತ್ರಿಗಳು ಎಣ್ಣೆಯ ಪೀಪಾಯಿಗಳನ್ನು ಹೊರಕ್ಕೆ ಉರುಳಿಸಿದ್ದರು. ಬೆಂಕಿ ಆರಿಸಲು ನೀರು ಹೊರಿ ಎಂದು ಪಂತ ಕೂಗಿದಾಗ ಒಬ್ಬನೂ ಕೊಡ ಮುಟ್ಟಲಿಲ್ಲ.

“ಎರಡು ಬೆಳಕು ಕಂಡರೆ ಹಡಗು ದಾರಿ ತಪ್ಪುತ್ತದೆ, ಹುಚ್ಚಿ!” ಎಂದು ಪಂತ ಬೊಬ್ಬೆ ಹಾಕಿದ.

“ನಡೂಗೆ ನಿನ್ ಗೋಪುರ ಅಡ್ಡ ನಿಂತದ್ಯಲ್ಲಾ,” ಎಂದಳು ಜಟ್ಟಕ್ಕ. “ನಿನ್ ಬೆಳ್ಕು ನಮ್ಗೆ ಕಾಣ್ದಿದ್ರೆ ನಮ್ ಬೆಂಕಿ ನಿನ್ ಹಡಗಿಗೆ ಹ್ಯಾಂಗೆ ಕಾಣ್ತದೆ? ಸರಿ ಅತ್ಲಾಗೆ!”

ಬಾಗಿಲು ಕಿರಿದು, ನೇರ ಅದೇ ನೇರ. ಹಿಂದೆ ಬರುತ್ತಿದ್ದ ಎರಡು ದೋಣಿಗಳ ಹುಟ್ಟಿನವರಿಗೆ, ಕಲ್ಲಿನ ನಡುವೆ ನಿಂತ ಬೆಂಕಿ, ಅಜ್ಜ ಮುತ್ತಜ್ಜರ ಕಾಲದಿಂದ ಕಂಡ ಹಾಗೆಯೇ ಕಂಡಿತು. “ಕಂಡ್ತು” ಎಂಬ ಕೂಗು ನೀರಿನ ಮೇಲಿಂದ ಬಂತು. ಅವರು ಸಂದಿನಲ್ಲಿ ಹಾದು, ಹಲ್ಲುಸಾಲಿಗೆ ಅಂಟಿಕೊಂಡಿದ್ದ ಮೂವರನ್ನು ಎತ್ತಿಕೊಂಡು ಮನೆಗೆ ಮುಟ್ಟಿದರು. ಮಾಸ್ತಿ ಸಿಗಲಿಲ್ಲ.

ಮೇಲಿದ್ದವರ ಪಾಡು ಹೇಳದೆ ಇರುವುದು ಸರಿಯಲ್ಲ. ಒಳಗೆ ಸುತ್ತಿಕೊಂಡು ಏರುವ ಮೆಟ್ಟಿಲು ಹೊಗೆಗೆ ಒಳ್ಳೆಯ ಕೊಳವೆಯಾಯಿತು. ಬಾಗಿಲಲ್ಲಿ ಬೆಂಕಿ, ಮೆಟ್ಟಿಲ ತುಂಬ ಹೊಗೆ. ದೊರೆಗಳು, ದೊರೆಸಾನಿಯರು ಕಟಕಟೆ ಹಿಡಿದು ಕೆಮ್ಮುತ್ತ, ಕೊನೆಯ ದೋಣಿ ದಂಡೆ ಮುಟ್ಟಿ ಬೆಂಕಿ ತಗ್ಗುವ ತನಕ ಅಲ್ಲೇ ನಿಂತರು. ಗುಮ್ಮಟದ ಗಾಜಿಗೆಲ್ಲ ಮಸಿ ಹಿಡಿಯಿತು. ಶನಿಯಾರ ತಾಂಡೇಲರು ಈ ಭಾಗ ಹೇಳುವಾಗ ಅಂಗಳದ ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು. ಆದರೆ ಆ ಮಸಿಗೆ ತೆತ್ತದ್ದು ಏನೆಂದು ನೆನೆದ ಕೂಡಲೇ ನಿಂತಿತು.

ಬೆಳಗಾದ ಮೇಲೆ ಪಂತ ಜಟ್ಟಕ್ಕನ ಬಳಿ ಬಂದ. ಬಾಗಿಲ ಮೇಲೆ ಕೂರಿಸುವ ಶಿಲೆಗೆ ಗುಡ್ಡದ ಹೆಸರು ಕೆತ್ತಿಸುವುದು ಬಾಕಿ ಇತ್ತು. ಅಥವಾ ಅಷ್ಟಾದರೂ ಮಾತಾಡಬೇಕೆಂದು ಅವನಿಗೆ ಅನ್ನಿಸಿತ್ತೋ ಏನೋ. “ಈ ಗುಡ್ಡಕ್ಕೆ ಒಲೆಗುಡ್ಡ ಎನ್ನುತ್ತೀರಲ್ಲವೆ?” ಎಂದು ಕೇಳಿದನಂತೆ. ಒಡೆದ ಬಂಡೆಯ ಮೇಲೆ ನೀರಿನ ಕಡೆ ಮುಖ ಮಾಡಿ ಕೂತಿದ್ದವಳು ತಿರುಗಲಿಲ್ಲ.

“ನಿನ್ನೆ ತನಕ ಒಲೆಗುಡ್ಡ. ಈಗ ಮುರಿದೊಲೆ. ಮುರಿದವ್ಳು ನಾನು, ಮುರಿಸಿದವ್ರು ನೀವು. ಹಾಂಗೇ ಕೆತ್ಸು.”

ಅವರು ಕೆತ್ತಿಸಲಿಲ್ಲ. ಆ ಶಿಲೆ ಇಂದಿಗೂ ಇದೆ. ಅದರಲ್ಲಿ ಗವರ್ನರನ ಹೆಸರಿದೆ, ಇಂಜಿನಿಯರನ ಹೆಸರಿದೆ, ಗಾಜು ತಂದ ಕಂಪನಿಯ ಹೆಸರೂ ಇದೆ. ಕಲ್ಲು ಹೊತ್ತವರದಿಲ್ಲ, ಚಿಪ್ಪಿ ಸುಟ್ಟವರದಿಲ್ಲ, ಮಾಸ್ತಿಯದಂತೂ ಇಲ್ಲವೇ ಇಲ್ಲ. ಆದರೆ ಹೆಸರು ಕೆತ್ತಿದ ಕಲ್ಲಿನಲ್ಲಿ ನಿಲ್ಲುತ್ತದೆಯೆ? ಅಂದಿನಿಂದ ಆ ನೀರಿನಲ್ಲಿ ದೋಣಿ ಬಿಡುವ ಒಬ್ಬನೂ ಒಲೆಗುಡ್ಡ ಎಂದು ಹೇಳಲಿಲ್ಲ. ಮಕ್ಕಳು ಹುಟ್ಟಿ ಮಾತು ಕಲಿಯುವಾಗ ಮುರಿದೊಲೆ ಎಂದೇ ಕಲಿತರು. ದೊರೆಗಳು ಹೋದ ಮೇಲೆ ಬಂದ ನಮ್ಮ ಸರ್ಕಾರವೂ ಕೊನೆಗೆ ಅದೇ ಹೆಸರನ್ನು ಹಲಗೆಗೆ ಹಾಕಬೇಕಾಯಿತು. ಹಾಕಿ, ಕಾರಣ ಹೇಳಲು ಮುಖವಿಲ್ಲದೆ ಭೀಮಸೇನನ ಕಾಲಿಗೆ ಕಟ್ಟಿತು.

ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. ಕೆಂಡ ಮೊದಲು ಇಳಿದ ಕಡೆಯೇ ಹೊಸ ಒಲೆ ಎಂಬುದು ಅವರ ಪದ್ಧತಿಯಷ್ಟೆ? ಸ್ತಂಭದ ಬಾಗಿಲೇ ಒಲೆಯಾಯಿತು. ಪಂತ ಪೇದೆಗಳನ್ನು ಕಾವಲಿಗಿಟ್ಟ. ಸಂಜೆಯಾಗುತ್ತಲೇ ಮುಳ್ಳುಕೋಡಿಯ ಹೆಂಗಸರು ತಮ್ಮ ತಮ್ಮ ಮನೆಯ ಒಲೆಯ ಕೆಂಡ ತಂದು ಬಾಗಿಲಲ್ಲಿ ಸುರಿದರು. ಒಬ್ಬಳನ್ನು ತಡೆದರೆ ಇನ್ನೊಬ್ಬಳು ಮಡಲು ಎಸೆಯುತ್ತಿದ್ದಳು. ಹೊಸ ರುಮಾಲು ಬಿಚ್ಚಿಟ್ಟ ಬುದವಂತ ತಿಮ್ಮಣ್ಣನೇ ದೋಣಿಗೆ ಹುಟ್ಟು ಹಾಕಿ ಅವರನ್ನು ಕರೆತರುತ್ತಿದ್ದ. ದಿನವೂ ಹೊಗೆ ಮೇಲೇರಿ ಗಾಜಿಗೆ ಮಸಿ ಹಿಡಿಯತೊಡಗಿತು, ಹಡಗಿನವರು ದೀಪ ಮಂಕಾಗಿದೆ ಎಂದು ದೂರತೊಡಗಿದರು. ಆಗ ದೊಡ್ಡವರಿಗೆ ಎಚ್ಚರವಾಯಿತು. ತಗಡು ಬಿಚ್ಚಿ ಒಂದೇ ಒಂದು ಗಾಜು ಹಾಕಿದ್ದರೆ ಮುಗಿಯುತ್ತಿತ್ತು. ಒಬ್ಬ ಕಮ್ಮಾರನ ಒಂದು ಬೆಳಗಿನ ಕೆಲಸ. ಅವರು ಅದನ್ನು ಮಾಡಲಿಲ್ಲ. ಆಳುದ್ದ ದಪ್ಪದ ಕರಿಕಲ್ಲಿನ ಗೋಡೆಯನ್ನು ಪಡುವಣದ ಕಡೆ ಕೊರೆಸಿ, ಗಾಳಿಯ ಬಾಯಿಗೇ ಹೊಸ ಬಾಗಿಲಿಟ್ಟು, ಊರಿನ ಕಡೆಯ ಬಾಗಿಲನ್ನು ಕಲ್ಲಿನಿಂದ ಮುಚ್ಚಿದರು. ಬೆಳಕನ್ನು ಈ ಕಡೆ ತಿರುಗಿಸುವ ಬದಲು ಬಾಗಿಲನ್ನೇ ಆ ಕಡೆ ತಿರುಗಿಸಿದರು! ಇಷ್ಟು ಕಷ್ಟಪಟ್ಟು ಒಂದು ಸಣ್ಣ ನ್ಯಾಯವನ್ನು ತಪ್ಪಿಸಿಕೊಂಡವರನ್ನು ನಾನು ಬೇರೆ ಕಡೆ ಕಂಡಿಲ್ಲ. ಮುಚ್ಚುವ ಕೆಲಸಕ್ಕೆ ಸಿಕ್ಕಿದವರು ಅದೇ ಮೇಸ್ತ್ರಿಗಳು. ಅವರು ಗೋಡೆಯ ಮಟ್ಟಕ್ಕೆ ಕಲ್ಲು ತರದೆ, ಒಂದು ಮೊಳ ಒಳಗೆ ನಿಲ್ಲಿಸಿ ಗೂಡು ಉಳಿಸಿದರು. ಕೇಳಿದವರಿಗೆ ಕಲ್ಲು ಸಾಲಲಿಲ್ಲ ಎಂದರಂತೆ. ಹೊಗೆ ಒಳಗೆ ಹೋಗದ ಮೇಲೆ ಅಧಿಕಾರಿಗಳಿಗೆ ಆ ಕಡೆಯ ಚಿಂತೆ ಉಳಿಯಲಿಲ್ಲ. ಜಟ್ಟಕ್ಕ ಬದುಕಿರುವ ತನಕ ಪ್ರತಿ ಸಂಜೆ ಆ ಗೂಡಿನಲ್ಲಿ ಬೆಂಕಿ ಹಾಕಿದಳು. ಬೇರೆಯವರ ಮಕ್ಕಳಿಗೆ ದಾರಿ ತೋರಿಸಿದಳು. ಮಡಲು ಎಸೆಯದವನನ್ನು ಬೈಯುವುದನ್ನು ಮಾತ್ರ ಅಂದಿನಿಂದ ಬಿಟ್ಟಳು, ಎಸೆಯದೆ ಹೋದವನು ಆಮೇಲೆ ಯಾರೂ ಇರಲಿಲ್ಲ ಎನ್ನುತ್ತಾರೆ.

ಈಗ ಎಣ್ಣೆಯ ಜಾಗಕ್ಕೆ ವಿದ್ಯುತ್ತು ಬಂದಿದೆ. ಕಾಯುವವರಿಲ್ಲ, ದೀಪ ತಾನೇ ಹೊತ್ತಿ ತಾನೇ ಆರುತ್ತದೆ. ಮುಳ್ಳುಕೋಡಿಯ ದೋಣಿಗಳಲ್ಲಿ ದಾರಿ ತೋರಿಸುವ ಯಂತ್ರಗಳು ಕೂತಿವೆ. ಆದರೂ ಮೀನಿನ ಕಾಲ ಆರಂಭವಾಗುವ ದಿನ, ಮತ್ತೆ ಮನಸ್ಸು ಬಂದ ದಿನಗಳಲ್ಲೆಲ್ಲ, ಕೇರಿಯವರು ಒಂದು ಹೊರೆ ಮಡಲು ಕೊಂಡುಹೋಗಿ ಆ ಗೂಡಿನಲ್ಲಿ ಬೆಂಕಿ ಹಾಕಿ ಬರುತ್ತಾರೆ. ಯಂತ್ರ ಇರುವಾಗ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದಕ್ಕೆ ಶನಿಯಾರ ತಾಂಡೇಲರು ಬಲೆಯಿಂದ ಕಣ್ಣೆತ್ತದೆ, “ತಗಡು ತೆಗೀಲಿ, ನಿಲ್ಸ್ತೇವೆ” ಎಂದರು.

ತಗಡು ಹಾಗೆಯೇ ಇದೆ. ಇಳಿಯುವಲ್ಲಿಂದಲೇ ಕತ್ತೆತ್ತಿದರೆ ಕಾಣುತ್ತದೆ. ಬಿಳಿಯ ಕೋಣೆಯ ಊರ ಕಡೆಯ ಮಗ್ಗುಲಿಗೆ ಬೂದಿ ಬಣ್ಣ ಬಳಿದ ಕುರುಡು ಪಟ್ಟಿ. ಅದಕ್ಕೆ ತುಕ್ಕು ಹಿಡಿದಾಗಲೆಲ್ಲ ಕೆರೆದು ಬಣ್ಣ ಬಳಿಸುತ್ತಾರೆ, ಬಳಿದವರಲ್ಲಿ ನಾನೂ ಒಬ್ಬ. ಕೆಳಗಿನ ಗೂಡಿಗೂ ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಾರೆ. ಅದು ಬಿಳಿಯಾಗಿ ನಿಲ್ಲುವುದು ಮುಂದಿನ ಬೆಂಕಿಯ ತನಕ. ಪ್ರವಾಸಿಗರು ನೆಟ್ಟಗಿನ ದಾರಿಯಲ್ಲಿ ಏರಿ ಬಂದು, ಮುಚ್ಚಿದ ಬಾಗಿಲನ್ನು ಕಂಡು, ದಾರಿ ತಪ್ಪಿತೆಂದು ನಗುತ್ತ ಸುತ್ತಿ ಪಡುವಣಕ್ಕೆ ಹೋಗುತ್ತಾರೆ. ಹೋಗುವ ಮೊದಲು ಆ ಗೂಡಿನ ಎದುರು ಇಲಾಖೆಯವರು ನಿಲ್ಲಿಸಿದ ಎರಡನೆಯ ಹಲಗೆಯನ್ನು ಅವರು ಓದಬಹುದು. ಇಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಲಾಗಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಹಲಗೆ ಹೊಸದು, ಅಕ್ಷರ ಸ್ಪಷ್ಟವಾಗಿದೆ. ಅದರ ಎರಡು ಮರದ ಕಾಲುಗಳು ಮಾತ್ರ ಮೊಣಕಾಲೆತ್ತರಕ್ಕೆ ಸುಟ್ಟು ಕರಿಯಾಗಿವೆ.